ನೋವಿಗೆ ಕಾಲಂ ಇರಲಿಲ್ಲ

ಸುಜಾತ ಅವರೇ,

ಅಂದು ನಮ್ಮ ಮನೆಯ ಬಾಗಿಲಲ್ಲಿ ನಿಂತು ನೀವು ಕೇಳಿದ ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. "ನನಗೆ ನೆನಪಿಲ್ಲ" ಎಂದೆ. ನೆನಪಿತ್ತು. ನೀವು ಹೇಳಿದ ದಿನ, ಹೇಳಿದಾಗ ನಿಮ್ಮ ಕೈಯಲ್ಲಿದ್ದ ಒದ್ದೆ ಟವೆಲ್ಲು, ನಾನು ಕೊಟ್ಟ ಉತ್ತರ — ಎಲ್ಲವೂ ನೆನಪಿತ್ತು. ಮರೆವಿನ ಕಾಯಿಲೆ ಇದ್ದದ್ದು ನನ್ನ ಹೆಂಡತಿಗೆ. ಆ ಒಂದು ಗಳಿಗೆಗೆ ಅವಳ ಕಾಯಿಲೆಯನ್ನು ನಾನು ನನ್ನದು ಮಾಡಿಕೊಂಡೆ. ಅದರಿಂದ ನಿಮ್ಮ ಕೆಲಸ ಹೋಯಿತು, ಕೆಲಸದ ಜೊತೆಗೆ ಹೆಸರೂ ಹೋಯಿತು.

ನಿಮಗೆ ಗೊತ್ತಿರುವ ಸಂಗತಿಗಳನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ. ಇದನ್ನು ನಿಮ್ಮ ಮನೆಯವರು ಓದಬೇಕು, ನನ್ನ ಮಗಳೂ ಓದಬೇಕು. ಇನ್ನೊಂದು ಕಾರಣವೂ ಇದೆ — ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನನ್ನ ತಲೆಯಲ್ಲೇ ಈಚೆಗೆ ಕಲಸಿಹೋಗುತ್ತಿದೆ. ತಪ್ಪು ಮಾಡಿದ್ದು ಗೊತ್ತಿದೆ. ಏಕೆ ಮಾಡಿದೆ ಎಂದು ಕೇಳಿಕೊಂಡರೆ ಮಾತ್ರ ದಿನಕ್ಕೊಂದು ಉತ್ತರ ಬರುತ್ತದೆ.

ನಾನು ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನು. ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆಯುವುದೇ ಕೆಲಸ. ಉದ್ದ ಗೆರೆ, ಅಡ್ಡ ಗೆರೆ, ಅವುಗಳ ನಡುವೆ ಅಂಕಿ. ಡ್ರೈವರುಗಳು ಬೆನ್ನ ಹಿಂದೆ ನನ್ನನ್ನು 'ಗಡಿಯಾರ' ಎನ್ನುತ್ತಿದ್ದರು. ಧೈರ್ಯವಿದ್ದವರು ಎದುರಿಗೇ ಎನ್ನುತ್ತಿದ್ದರು. ನಿವೃತ್ತನಾಗಿ ಬನಶಂಕರಿ ಎರಡನೇ ಹಂತದ ಮನೆಯಲ್ಲಿ ಕೂತ ಮೇಲೂ ಚಟ ಹೋಗಲಿಲ್ಲ. ಹಾಲಿನವನು ಬಂದ ಹೊತ್ತನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. "ನಾನು ಸತ್ತ ಟೈಮನ್ನೂ ಸರಿಯಾಗಿ ಬರ್ಕೊಳ್ಳಿ ರೀ" ಎಂದು ವಿಶಾಲು ನಗುತ್ತಿದ್ದಳು. ವಿಶಾಲು ಎಂದರೆ ವಿಶಾಲಾಕ್ಷಿ, ನನ್ನ ಹೆಂಡತಿ. ನೀವು 'ಅಮ್ಮ' ಎನ್ನುತ್ತಿದ್ದವಳು.

ಅವಳಿಗೆ ಮೊದಲು ಮರೆತದ್ದು ಸಾರಿನ ಉಪ್ಪು. ಎರಡು ಸಲ ಹಾಕುವಳು, ಇಲ್ಲವೇ ಹಾಕುವುದೇ ಇಲ್ಲ. ಆಮೇಲೆ ದೇವಸ್ಥಾನದಿಂದ ಬರುವ ದಾರಿ ಮರೆತಳು, ಮೊಮ್ಮಗನ ಹೆಸರು ಮರೆತಳು. ಡಾಕ್ಟರು ಅದಕ್ಕೆ ಡಿಮೆನ್ಷಿಯಾ ಎಂದರು. ಮರೆಯುತ್ತ ಮರೆಯುತ್ತ ಒಂದೊಂದನ್ನೇ ಮೈಯಿಂದ ಕಳಚತೊಡಗಿದಳು. ಗಾಜಿನ ಬಳೆಯನ್ನು ನೆಲಕ್ಕೆ ಕುಟ್ಟಿ ಒಡೆದುಕೊಂಡು ಕೈಯೆಲ್ಲ ರಕ್ತ ಮಾಡಿಕೊಂಡಳು, ಬಳೆ ತೆಗೆದೆವು. ತಾಳಿಯ ಸರವನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದಳು; ಅದನ್ನೂ ಬೀರುವಿಗೆ ಹಾಕಿದೆವು. ಕುಂಕುಮವನ್ನು ಇಟ್ಟ ಕೂಡಲೇ ಒರೆಸಿಕೊಳ್ಳುವಳು. ಕೊನೆಗೆ ಉಳಿದದ್ದು ಕಾಲುಂಗುರ ಮಾತ್ರ, ಎರಡು ಕಾಲಿನ ಹೆಬ್ಬೆರಳ ಪಕ್ಕದ ಬೆರಳಿಗೆ ಒಂದೊಂದು. ನಲವತ್ತಾರು ವರ್ಷ ಕೆಳಗೆ ಧಾರೆಯ ದಿನ ನಾನೇ ಕೂತು ತೊಡಿಸಿದ್ದವು.

ಒಂದು ಮಧ್ಯಾಹ್ನ ನಾನು ಊಟದ ತಟ್ಟೆ ಹಿಡಿದು ಅವಳ ಪಕ್ಕ ಕೂತೆ. ಅವಳು ಸರಿದು ಕೂತಳು. "ನೀವು ಯಾರೋ ಗೊತ್ತಾಗ್ಲಿಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, ತನ್ನ ಪಾದಗಳನ್ನು ಮುಂದೆ ಚಾಚಿ ತೋರಿಸಿ, "ನಂಗೆ ಮದ್ವೆ ಆಗಿದೆ. ನೋಡಿ, ಕಾಲುಂಗುರ ಇದೆ" ಎಂದಳು. ಎದುರಿಗೆ ಕೂತ ಗಂಡನನ್ನು ದೂರ ಇಡುವುದಕ್ಕೆ ಅವನೇ ತೊಡಿಸಿದ ಉಂಗುರವನ್ನು ತೋರಿಸುತ್ತಿದ್ದಳು. ನನಗೆ ನಗು ಬಂತು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಇದನ್ನು ನೆಪವಾಗಿ ಹೇಳುತ್ತಿದ್ದೇನೆಯೇ? ಗೊತ್ತಿಲ್ಲ. ಹೇಳದೆ ಹೋದರೆ ಮುಂದಿನದು ಅರ್ಥವಾಗುವುದಿಲ್ಲ, ಹೇಳಿದರೆ ನೆಪದ ಹಾಗೆ ಕೇಳುತ್ತದೆ.

ನಮ್ಮ ಮಗಳು ಮಂಜುಳಾ ಜೆ.ಪಿ. ನಗರದಲ್ಲಿದ್ದಾಳೆ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಪ್ರತಿ ಭಾನುವಾರ ಬರುತ್ತಾಳೆ. ಏಜೆನ್ಸಿಗೆ ಫೋನ್ ಮಾಡಿ, ಅಮ್ಮನನ್ನು ನೋಡಿಕೊಳ್ಳಲು ನಿಮ್ಮನ್ನು ಗೊತ್ತುಮಾಡಿದವಳು ಅವಳೇ. ನೀವು ಕೋಣನಕುಂಟೆಯಿಂದ ಬಸ್ಸು ಹಿಡಿದು ಬೆಳಗ್ಗೆ ಎಂಟಕ್ಕೆ ಬರುತ್ತಿದ್ದಿರಿ, ಸಂಜೆ ಆರಕ್ಕೆ ಹೋಗುತ್ತಿದ್ದಿರಿ. ಎಂಟೂ ಐದಾದರೆ ನಾನು ಗಡಿಯಾರ ನೋಡುತ್ತಿದ್ದೆ. ನೀವು ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು ಎಂಬ ಸಲಿಗೆಯಿಂದ ನಿಮ್ಮನ್ನು 'ನೀನು' ಎನ್ನುತ್ತಿದ್ದೆ. ಸಲಿಗೆ ಎಂದು ಅಂದುಕೊಂಡಿದ್ದೆ. ಎದುರುಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಬರುತ್ತಿದ್ದ, ನಿಮಗಿಂತಲೂ ಚಿಕ್ಕ ವಯಸ್ಸಿನ ಮೇಡಂ ಅವರನ್ನು 'ನೀವು' ಎನ್ನುತ್ತಿದ್ದೆನಲ್ಲ — ಅದು ಈಗ ಹೊಳೆಯುತ್ತಿದೆ.

ನೀವು ಬಂದ ಮೊದಲ ತಿಂಗಳುಗಳು ಚೆನ್ನಾಗಿದ್ದವು. ಅವರೆಕಾಯಿ ಕಾಲ ಬರುತ್ತಿದ್ದಂತೆ ನೆನೆಸಿದ ಕಾಳನ್ನು ಒಂದು ಬಟ್ಟಲಲ್ಲಿ ಹಾಕಿ ನೀವು ಅವಳ ಮಡಿಲ ಮುಂದೆ ಇಟ್ಟಿರಿ. ಹೆಸರು ಮರೆತವಳು, ದಾರಿ ಮರೆತವಳು, ಕಾಳನ್ನು ಎರಡು ಬೆರಳಲ್ಲಿ ಹಿಡಿದು ಪುಳಕ್ಕನೆ ಹಿಸುಕಿ ಬೇಳೆಯನ್ನು ಪಾತ್ರೆಗೆ ಹಾರಿಸಿದಳು. ಒಂದೂ ಕೆಳಗೆ ಬೀಳಲಿಲ್ಲ. ನೀವು ಪಕ್ಕದಲ್ಲಿ ಕೂತು ನಿಮ್ಮ ಮದುವೆಯ ಕಥೆ ಹೇಳುತ್ತಿದ್ದಿರಿ — ನಿಮ್ಮ ತಂದೆ ಪುರೋಹಿತರನ್ನು ಕರೆಯದೆ, ಬುದ್ಧನ ಪಟದ ಮುಂದೆ ಹಾರ ಬದಲಾಯಿಸಿ ಮದುವೆ ಮಾಡಿದ್ದು. ಅವಳು ದಿನವೂ ಅದೇ ಕಥೆಯನ್ನು ಹೊಸದಾಗಿ ಕೇಳುತ್ತಿದ್ದಳು. ನಾನು ಪೇಪರ್ ಅಡ್ಡ ಹಿಡಿದು ಒಳಗಿನಿಂದ ಕೇಳುತ್ತಿದ್ದೆ.

ಆಮೇಲೆ ಅವಳಿಗೆ ನಿದ್ದೆ ಕೆಟ್ಟಿತು.

ರಾತ್ರಿ ನಾಲ್ಕಾರು ಸಲ ಎದ್ದು ಕೂರುವಳು. ಪಾದ ಉಜ್ಜಿಕೊಳ್ಳುವಳು. "ಇರುವೆ ಕಚ್ತಿದೆ ರೀ" ಎನ್ನುವಳು. ನಾನು ದೀಪ ಹಾಕಿ, ಹಾಸಿಗೆ ಕೊಡವಿ, ಮಂಚದ ನಾಲ್ಕು ಕಾಲಿನ ಸುತ್ತ ಇರುವೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಗೆರೆ ಎಳೆಯುವುದರಲ್ಲಿ ನಾನು ಗಟ್ಟಿಗ. ಇರುವೆ ಒಂದೂ ಇರಲಿಲ್ಲ. ಮರುದಿನವೂ ಇರುವೆ, ಅದರ ಮರುದಿನವೂ ಇರುವೆ. ಮರೆವಿನ ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. ಈ ಕಾಯಿಲೆಯಲ್ಲಿ ಇಲ್ಲದ್ದು ಕಾಣುವುದೂ ಉಂಟು ಎಂದರು, ನಿದ್ದೆಗೆ ಅರ್ಧ ಮಾತ್ರೆ ಬರೆದುಕೊಟ್ಟರು, ಮಲಗುವ ಏಳುವ ಹೊತ್ತನ್ನು ಬರೆದಿಡಿ ಎಂದರು. ಯಾರಿಗೆ ಹೇಳಿದರು ನೋಡಿ. ಅಂದೇ ಇನ್ನೂರು ಪುಟದ ನೋಟ್‌ಬುಕ್ ತಂದು ಕಾಲಂ ಎಳೆದೆ. ತಾರೀಖು, ಮಲಗಿದ್ದು, ಎದ್ದದ್ದು, ಮಾತ್ರೆ, ಊಟ, ಕಕ್ಕಸು. ಹಗಲಿನ ಭಾಗ ನೀವು ತುಂಬಬೇಕು, ರಾತ್ರಿಯ ಭಾಗ ನಾನು. ನೋವು ಎಂದು ಒಂದು ಕಾಲಂ ಎಳೆಯಬೇಕೆಂದು ನನಗೆ ಹೊಳೆಯಲಿಲ್ಲ.

ಪಾದ ಉಜ್ಜಿಕೊಳ್ಳುತ್ತಾಳೆ, ಚಳಿಯಿರಬೇಕು ಎಂದು ಉಣ್ಣೆಯ ಸಾಕ್ಸ್ ತಂದೆ. ಹಾಕಲು ಹೋದರೆ ಒದೆಯುತ್ತಿದ್ದಳು. ಹಠ ಎಂದುಕೊಂಡೆ. ಒತ್ತಾಯದಿಂದ ಹಾಕುತ್ತಿದ್ದೆ, ಸುಜಾತ ಅವರೇ — ಅವಳ ಮೊಣಕಾಲನ್ನು ನನ್ನ ಮೊಣಕೈಯಿಂದ ಒತ್ತಿ ಹಿಡಿದು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ನೀವು ಮೊದಲ ಸಲ ಹೇಳಿದ್ದು ಸ್ನಾನ ಮಾಡಿಸಿ ಬಂದಾಗ, ಟವೆಲ್ಲು ಕೈಯಲ್ಲೇ ಇತ್ತು.

"ಸಾರ್, ಅಮ್ಮನ ಬಲಗಾಲು ಊದ್ಕೊಂಡಿದೆ. ಕಾಲುಂಗುರ ಬಿಗಿ ಆಗ್ತಾ ಇದೆ. ತೆಗೆಸ್ಬಿಡಣ."

"ಸೋಪ್ ಹಚ್ಚಿ ನೋಡು, ಬಂದ್ರೆ ಸಡಿಲ ಮಾಡಿ ಮತ್ತೆ ಹಾಕ್ಬಹುದು" ಎಂದೆ ನಾನು.

"ಸೋಪಿಗೆ ಬರಲ್ಲ ಸಾರ್. ನಾನು ಆಗ್ಲೇ ನೋಡ್ದೆ. ಆಚಾರ್ರ ಅಂಗಡೀಲಿ ಕಟ್ ಮಾಡ್ತಾರೆ, ಕರ್ಕೊಂಡು ಹೋಗಣ."

ಹಬ್ಬ ಕಳೆಯಲಿ ಎಂದೆ. ಮಗಳಿಗೆ ಫೋನ್ ಮಾಡಿ ಗಾಬರಿ ಮಾಡಬೇಡ, ಏನಿದ್ದರೂ ನನಗೆ ಹೇಳು ಎಂದೂ ಸೇರಿಸಿದೆ. ನೀವು ಸರಿ ಸಾರ್ ಎಂದು ಬಟ್ಟೆ ಒಣಗಿಸಲು ಮಹಡಿಗೆ ಹೋದಿರಿ. ಹಬ್ಬ ಕಳೆಯಿತು. ನಾನು ಆ ಮಾತು ಎತ್ತಲಿಲ್ಲ.

ಎರಡನೇ ಸಲದ್ದನ್ನು ಆಮೇಲೆ ಹೇಳುತ್ತೇನೆ. ಅದು ಬಾಯಿಮಾತಾಗಿರಲಿಲ್ಲ.

ಮೂರನೇ ಸಲ ನೀವು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಿರಿ. ನಾನು ಹಜಾರದಲ್ಲಿ ಚಹ ಕುಡಿಯುತ್ತಿದ್ದೆ.

"ಸಾರ್, ಇರುವೆ ಅಲ್ಲ ಅದು. ಅಮ್ಮಂಗೆ ನೋವಿದೆ. ಹೇಳೋಕೆ ಬರ್ತಿಲ್ಲ ಅಷ್ಟೆ. ಇವತ್ತು ಕಟ್ ಮಾಡಿಸ್ಲೇಬೇಕು."

ನಾನು ಲೋಟ ಕುಕ್ಕಿದೆ. "ನಾನು ಬದುಕಿರೋವಾಗ ಅವಳ ಕಾಲುಂಗುರ ಕತ್ತರಿಸೋ ಮಾತು ಈ ಮನೇಲಿ ಆಡ್ಬೇಡ. ನಿಮ್ಮಲ್ಲಿ ನಡೆಯತ್ತೋ ಏನೋ, ನಮ್ಮಲ್ಲಿ ನಡೆಯಲ್ಲ."

ನಿಮ್ಮಲ್ಲಿ. ನಮ್ಮಲ್ಲಿ. ಒಳಗೆ ಹೋಗಿ ಅವಳ ಕಾಲನ್ನು ಮಡಿಲಲ್ಲಿಟ್ಟುಕೊಂಡು ಬಿಸಿನೀರಿನ ಬಟ್ಟೆ ಒತ್ತುತ್ತ ಕೂತಿರಿ. ಅವಳು ಮಗುವಿನ ಹಾಗೆ ಸುಮ್ಮನಾದಳು. ನನಗೆ ಅದನ್ನು ಕಂಡು ಇನ್ನೂ ಸಿಟ್ಟು ಬಂತು. ನನ್ನ ಕೈಗೆ ಒದೆಯುವವಳು ನಿಮ್ಮ ಕೈಗೆ ಕಾಲು ಕೊಡುತ್ತಾಳಲ್ಲ ಎಂದು.

ಏಕೆ ಬೇಡ ಎಂದೆ? ಹಿಂದಿನ ವರ್ಷ ನನ್ನ ಎದೆಗೆ ಸ್ಟೆಂಟ್ ಹಾಕಿದ್ದರು. ಗಂಡ ಇರುವಾಗ ಕಾಲುಂಗುರ ಕತ್ತರಿಸಿದರೆ ಗಂಡನಿಗೆ ಆಗುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದರು. ನಂಬುವವನಲ್ಲ ನಾನು. ಡಿಪೋದಲ್ಲಿ ರಾಹುಕಾಲ ನೋಡಿ ಬಸ್ಸು ತೆಗೆಯುತ್ತಿದ್ದ ಡ್ರೈವರನ್ನು ಗೇಲಿ ಮಾಡಿದವನು. ಆದರೂ ಆ ದಿನಗಳಲ್ಲಿ ಎಡಗೈ ಜುಮ್ಮೆಂದರೆ ಮೊದಲು ನೋಡುತ್ತಿದ್ದದ್ದು ಅವಳ ಕಾಲನ್ನು. ಹಾಗಾದರೆ ಸಾವಿನ ಭಯವೇ? ಅಥವಾ, ಅದೂ ಹೋದರೆ ನಾನು ಅವಳಿಗೆ ಯಾರೂ ಅಲ್ಲದವನಾಗುತ್ತೇನೆ ಎಂಬುದೇ? ಅಥವಾ ಮನೆಗೆಲಸಕ್ಕೆ ಬಂದವರಿಂದ ಬುದ್ಧಿ ಹೇಳಿಸಿಕೊಳ್ಳಲಾರದ ಸಣ್ಣತನವೇ? ಒಂದು ದಿನ ಪ್ರೀತಿ ಎನ್ನಿಸುತ್ತದೆ, ಮರುದಿನ ಬರೀ ಹೆದರಿಕೆ ಎನ್ನಿಸುತ್ತದೆ. ಯಾವುದಾದರೇನು — ನೋವು ತಿಂದವಳು ಅವಳು.

ಮಾತ್ರೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಅರ್ಧಕ್ಕೆ ಅವಳು ಮಲಗುತ್ತಿರಲಿಲ್ಲ. ನಾನು ಡಾಕ್ಟರನ್ನು ಕೇಳದೆ ಒಂದು ಕೊಟ್ಟೆ. ಕೆಲವು ದಿನ ಒಂದೂವರೆ. ಪುಸ್ತಕದಲ್ಲಿ ಮಾತ್ರ ಅರ್ಧ ಎಂದೇ ಬರೆದೆ. ಮೂವತ್ತೊಂದು ವರ್ಷದಲ್ಲಿ ಒಂದು ಬಸ್ಸಿನ ಹೊತ್ತನ್ನೂ ಸುಳ್ಳು ಬರೆಯದವನು ಹೆಂಡತಿಯ ಪುಸ್ತಕದಲ್ಲಿ ದಿನವೂ ಸುಳ್ಳು ಬರೆದೆ. ಅವಳು ಹಗಲೆಲ್ಲ ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿರುತ್ತಿದ್ದಳು. ತುತ್ತು ಬಾಯಲ್ಲೇ ನಿಲ್ಲುತ್ತಿತ್ತು. ನೀವು ಅವರೆಕಾಳಿನ ಬಟ್ಟಲು ಇಟ್ಟರೆ ಅದರೊಳಗೆ ಕೈ ಇಟ್ಟುಕೊಂಡು ಹಾಗೇ ತೂಕಡಿಸುತ್ತಿದ್ದಳು. ಕಾಯಿಲೆ ಹೆಚ್ಚಾಗಿದೆ ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಎಲ್ಲರೂ ನನಗೆ ಸಮಾಧಾನ ಹೇಳಿ ಹೋಗುತ್ತಿದ್ದರು.

ಆ ಭಾನುವಾರ ನಿಮಗೆ ರಜೆ. ಮಂಜುಳಾ ಬಂದವಳು ಅಮ್ಮನ ಉಗುರು ತೆಗೆಯುತ್ತೇನೆ ಎಂದು ಬಿಸಿಲಲ್ಲಿ ಕೂರಿಸಿಕೊಂಡಳು. ಕೈಯದು ಮುಗಿಸಿ ಕಾಲಿನ ಸಾಕ್ಸ್ ಎಳೆದಳು. ಉಗುರು ಕಟರನ್ನು ಕೆಳಗಿಟ್ಟು ನನ್ನನ್ನು ಕೂಗಿದಳು. ನಾನು ಹತ್ತಿರ ಹೋದೆ. ಉಂಗುರ ಕಾಣುತ್ತಿರಲಿಲ್ಲ, ಮಾಂಸ ಅದನ್ನು ಮುಚ್ಚಿಕೊಂಡಿತ್ತು. ಬೆರಳು ಕಪ್ಪಗೆ, ವಾಸನೆ ಬೇರೆ. ನನಗೆ ಗೊತ್ತಿರಲಿಲ್ಲವೇ? ರಾತ್ರಿ ಸಾಕ್ಸ್ ಹಾಕುವವನು ನಾನೇ. ಮಂದ ದೀಪದಲ್ಲಿ ಹಾಕುತ್ತಿದ್ದೆ. ದೀಪ ಮಂದವಾಗಿದ್ದದ್ದು ಅವಳಿಗೆ ಎಚ್ಚರವಾಗದಿರಲಿ ಎಂದೋ, ನನಗೆ ಕಾಣದಿರಲಿ ಎಂದೋ — ಇದನ್ನು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೆ.

ಜಯನಗರದ ಕ್ಲಿನಿಕ್ಕಿಗೆ ಆಟೋದಲ್ಲಿ ಕರೆದುಕೊಂಡು ಹೋದೆವು. ಅಲ್ಲಿದ್ದ ಡಾಕ್ಟರಮ್ಮ ಬೆರಳಿಗೆ ಇಂಜೆಕ್ಷನ್ ಕೊಟ್ಟು, ಚಿಕ್ಕ ಕಟರಿನಿಂದ ಉಂಗುರವನ್ನು ಎರಡು ಕಡೆ ಕತ್ತರಿಸಿದರು. ವಿಶಾಲು ಮಗಳ ಸೆರಗು ಕಚ್ಚಿಕೊಂಡಿದ್ದಳು. ಉಂಗುರ ಬಿಟ್ಟುಬಂದು, ಗಾಯ ತೊಳೆದು ಪಟ್ಟಿ ಕಟ್ಟಿ ಮುಗಿಯುವುದರೊಳಗೆ ಅವಳು ಆ ಎತ್ತರದ ಟೇಬಲ್ಲಿನ ಮೇಲೆಯೇ ಮಲಗಿಬಿಟ್ಟಳು. ಹಗಲು ಹನ್ನೊಂದೂವರೆ. ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ. ಎಷ್ಟೋ ವಾರಗಳಿಂದ ನಾನು ಮಾತ್ರೆ ಹಾಕಿ ಹಾಕಿ ತರಿಸುತ್ತಿದ್ದದ್ದು ನಿದ್ದೆಯಲ್ಲ ಎಂದು ಅವಳ ಮುಖ ನೋಡಿದ ಮೇಲೆ ತಿಳಿಯಿತು.

"ನಿದ್ದೆ ಬರಲ್ಲ ಅಂತ ಮಾತ್ರೆ ಕೊಟ್ರಿ ಸರಿ. ಯಾಕೆ ಬರಲ್ಲ ಅಂತ ಯಾರೂ ನೋಡ್ಲಿಲ್ವಾ?" ಎಂದರು ಡಾಕ್ಟರಮ್ಮ.

ಮಂಜುಳಾ ನನ್ನ ಕಡೆ ನೋಡಿದಳು. "ನೋಡ್ಕೊಳ್ಳೋಕೆ ಒಬ್ಬರು ಬರ್ತಾರೆ. ಸ್ನಾನ ಎಲ್ಲ ಅವರೇ ಮಾಡ್ಸೋದು" ಎಂದೆ. ಸುಳ್ಳಲ್ಲದ ಮಾತು. ಅದನ್ನು ಆಡಿ ಅಲ್ಲಿಗೇ ನಿಲ್ಲಿಸಿದೆ.

ಸೋಮವಾರ ಎಂಟಕ್ಕೆ ಸರಿಯಾಗಿ ನೀವು ಬಂದಿರಿ. ಮಂಜುಳಾ ಕತ್ತರಿಸಿದ ಉಂಗುರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಿಮಗೆ ಚಪ್ಪಲಿ ಬಿಡಲೂ ಅವಕಾಶ ಕೊಡಲಿಲ್ಲ.

"ದಿನಾ ಸ್ನಾನ ಮಾಡಿಸ್ತೀರಲ್ಲ, ಇದು ನಿಮ್ಮ ಕಣ್ಣಿಗೆ ಬೀಳ್ಲೇ ಇಲ್ವಾ?"

"ಬಿದ್ದಿದೆ ಮೇಡಂ. ಸಾರ್‌ಗೆ ಹೇಳಿದೀನಿ." ನೀವು ನನ್ನ ಕಡೆ ತಿರುಗಿದಿರಿ. "ಹೇಳಿದ್ದೆ ಅಲ್ವಾ ಸಾರ್?"

ಮಗಳೂ ನನ್ನನ್ನೇ ನೋಡುತ್ತಿದ್ದಳು. ಹಿಂದಿನ ರಾತ್ರಿಯೆಲ್ಲ ಅವಳು ಅತ್ತಿದ್ದು ಕಣ್ಣಲ್ಲಿ ಕಾಣುತ್ತಿತ್ತು. ಹೌದು ಎಂದರೆ ಆ ಕಣ್ಣು ನನ್ನನ್ನು ಜನ್ಮವಿಡೀ ಹೇಗೆ ನೋಡುತ್ತದೆ ಎಂದು — ಅಷ್ಟೇ ಯೋಚನೆ ಬಂದದ್ದು. ನಿಮ್ಮ ಬಗ್ಗೆ ಬರಲಿಲ್ಲ.

"ನನಗೆ ನೆನಪಿಲ್ಲ" ಎಂದೆ.

ಮಂಜುಳಾ ತಕ್ಷಣ ನನ್ನ ತೋಳು ಹಿಡಿದುಕೊಂಡಳು. ಪಾಪ, ಅಪ್ಪನಿಗೂ ದಣಿವು, ಅಪ್ಪನಿಗೂ ವಯಸ್ಸು. ಮಾತ್ರೆಯ ಸ್ಟ್ರಿಪ್ಪು ಆಗಬೇಕಾದದ್ದಕ್ಕಿಂತ ಮುಂಚೆ ಖಾಲಿಯಾಗಿರುವುದನ್ನೂ ಅವಳು ನೋಡಿದ್ದಳು. ಅಮ್ಮ ಹಗಲೆಲ್ಲ ತೂಕಡಿಸುವುದು ಅದಕ್ಕೇ ಏನು, ನಿಮಗೆ ಆರಾಮಾಗಿರಲಿ ಅಂತ ನೀವೇ ಕೊಡ್ತಿದ್ರಾ ಎಂದು ನಿಮ್ಮನ್ನು ಕೇಳಿದಳು. ಅದಕ್ಕೂ ನಾನು ಬಾಯಿ ಬಿಡಲಿಲ್ಲ. ನೀವು ಮತ್ತೆ ನನ್ನ ಕಡೆ ನೋಡಲಿಲ್ಲ. "ಒಂದ್ಸಲ ಅಮ್ಮನ್ನ ನೋಡಿ ಹೋಗ್ತೀನಿ" ಎಂದು ಒಳಗೆ ಹೋದಿರಿ, ಮಲಗಿದ್ದವಳ ಹೊದಿಕೆ ಸರಿಮಾಡಿದಿರಿ, ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮಂಜುಳಾಗೆ, "ಸಾಕ್ಸ್ ಹಾಕ್ಬೇಡಿ ಮೇಡಂ, ಕಾಲಿಗೆ ಗಾಳಿ ಆಡ್ಲಿ" ಎಂದಿರಿ. ನಮ್ಮ ಮನೆಯಲ್ಲಿ ನಿಮ್ಮ ಕೊನೆಯ ಮಾತು ಅದು.

ಮಂಜುಳಾ ಅವತ್ತೇ ಏಜೆನ್ಸಿಗೆ ಫೋನ್ ಮಾಡಿ ದೂರು ಕೊಟ್ಟಳು. ನಾನು ಪಕ್ಕದಲ್ಲೇ ಕೂತಿದ್ದೆ.

ವಿಶಾಲುವಿನ ಬೆರಳು ಉಳಿಯಿತು. ಮಾತ್ರೆ ನಿಂತಿತು. ರಾತ್ರಿ ಒಂದು ಸಲ ಎದ್ದರೂ ನೀರು ಕುಡಿದು ಮತ್ತೆ ಮಲಗುವಳು. ಇರುವೆಗಳು ಹೊರಟುಹೋದವು. ಹದಿನೈದು ದಿನದಲ್ಲಿ ಕತ್ತು ನೆಟ್ಟಗೆ ನಿಂತಿತು, ಊಟ ಸೇರಿತು. ಮುಂದಿನ ಅವರೆಕಾಯಿ ಕಾಲಕ್ಕೆ ಬಟ್ಟಲು ಮುಂದಿಟ್ಟರೆ ಪುಳಕ್ಕನೆ ಬೇಳೆ ಹಾರಿಸಿದಳು. ಕಾಯಿಲೆ ಅದೇ, ಮರೆವು ಅದೇ, ನಾನು ಯಾರೆಂದು ಆಗಲೂ ಗೊತ್ತಿಲ್ಲ. ಆದರೂ ಅವಳು ಚೆನ್ನಾಗಿದ್ದಳು. ನಾನು ಕಾಯಿಲೆ ಎಂದು ಬರೆದುಕೊಂಡದ್ದರಲ್ಲಿ ಅರ್ಧ ಕಾಯಿಲೆಯೇ ಆಗಿರಲಿಲ್ಲ.

ಇನ್ನೊಂದು ಮಾತು ಹೇಳಬೇಕು, ಇದು ನಿಮಗೆ ಗೊತ್ತಿಲ್ಲದ್ದು. ನೀವು ಹೋದ ಮೇಲೆ ಎಷ್ಟೋ ದಿನ, ಎಂಟು ಗಂಟೆಯ ಹೊತ್ತಿಗೆ ಅವಳು ಬಾಗಿಲ ಕಡೆ ನೋಡುತ್ತಿದ್ದಳು. "ಕಾಲು ತೊಳೆಯೋಳು ಬರ್ಲಿಲ್ವಾ?" ಎಂದು ಕೇಳುತ್ತಿದ್ದಳು. ನನ್ನನ್ನು ಮರೆತವಳು, ಹೆತ್ತ ಮಗಳನ್ನು ಮರೆತವಳು ನಿಮ್ಮನ್ನು ಕೇಳುತ್ತಿದ್ದಳು. "ಇವತ್ತು ರಜ" ಎನ್ನುತ್ತಿದ್ದೆ. ಅವಳಿಗೆ ನೆನಪಿರುವುದಿಲ್ಲವಲ್ಲ, ದಿನವೂ ಅದೇ ಸುಳ್ಳು ನಡೆಯುತ್ತಿತ್ತು. ಆಮೇಲೆ ಒಂದು ದಿನ ಕೇಳುವುದನ್ನು ಬಿಟ್ಟಳು. ಬಿಟ್ಟಳಲ್ಲ ಎಂದು ನನಗೆ ಹಗುರವಾಯಿತು, ಅದೂ ನಿಜ.

ಒಂದೂವರೆ ವರ್ಷ ಇದ್ದು ಹೋದಳು. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಹೊತ್ತನ್ನು ನಾನು ಬರೆದುಕೊಳ್ಳಲಿಲ್ಲ. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದರು ಬಂದ ಹೆಂಗಸರು. ನಮ್ಮ ದೊಡ್ಡತ್ತಿಗೆ ಅವಳ ಕಾಲು ನೋಡಿ, ಬಲಗಾಲಿನ ಉಂಗುರ ಎಲ್ಲಿ ಎಂದು ಕೇಳಿದರು. ಕತ್ತರಿಸಿದ್ದನ್ನು ನಾನು ಕುಂಕುಮದ ಭರಣಿಯಲ್ಲಿ ಇಟ್ಟಿದ್ದೆ. ಭಿನ್ನವಾದದ್ದು ತೊಡಿಸಬಾರದು ಎಂದು ಅವರು ಗಾಂಧಿ ಬಜಾರಿನಿಂದ ಹೊಸದು ತರಿಸಿದರು. ಆ ಬೆರಳಿನ ಸುತ್ತ ಬಿಳಿಯ ಕಲೆ ಇತ್ತು. ಹೊಸ ಉಂಗುರವನ್ನು ನೀವೇ ಹಾಕಿ ಎಂದರು. ನನ್ನ ಕೈ ಮುಂದೆ ಹೋಗಲಿಲ್ಲ. ದುಃಖ ಎಂದುಕೊಂಡರು.

ಈಗ ನಿಮ್ಮ ಎರಡನೇ ಸಲದ ಮಾತಿಗೆ ಬರುತ್ತೇನೆ.

ಡಿಪೋದಲ್ಲಿ ಒಂದು ಪದ್ಧತಿ ಇತ್ತು. ಬಸ್ಸಿನಲ್ಲಿ ದೋಷವಿದ್ದರೆ — ಬ್ರೇಕು ಹಿಡಿಯುತ್ತಿಲ್ಲ, ಸ್ಟೀರಿಂಗ್ ಎಳೆಯುತ್ತಿದೆ — ಡ್ರೈವರು ಹಾಳೆಯ ಅಂಚಿನಲ್ಲಿ ಬರೆಯಬೇಕು. ಟೈಮ್‌ಕೀಪರ್ ಅದರ ಕೆಳಗೆ 'ನೋಡಿದೆ' ಎಂದು ಬರೆದು ಸಹಿ ಹಾಕಬೇಕು. ಸಹಿ ಹಾಕಿದ ಮೇಲೆ ಹೊಣೆ ಅವನದು. ಅದಕ್ಕೇ ನಮ್ಮಲ್ಲಿ ಕೆಲವರು, ಪೆನ್ಸಿಲಿನಲ್ಲಿ ಬರಿ ಮಾರಾಯ, ಆಮೇಲೆ ನೋಡೋಣ ಎನ್ನುತ್ತಿದ್ದರು — ಪೆನ್ಸಿಲಾದರೆ ಅಳಿಸಬಹುದಲ್ಲ. ನಾನು ಹಾಗೆ ಮಾಡಿದವನಲ್ಲ ಎಂದು ಬರೆಯಲು ಹೊರಟೆ. ಮಾಡಿದ್ದೇನೆ. ಎರಡು ಮೂರು ಸಲ.

ಹೋದ ತಿಂಗಳು ಬೀರು ಚೊಕ್ಕಟ ಮಾಡುವಾಗ ವಿಶಾಲುವಿನ ನಿದ್ದೆಯ ಪುಸ್ತಕ ಸಿಕ್ಕಿತು. ಕಿಟಕಿಯ ಬಳಿ ಕೂತು ಪುಟ ತಿರುವಿದೆ. ಹಬ್ಬದ ಮಾರನೆಯ ವಾರದ ಪುಟದ ಅಂಚು ಒರಟಾಗಿತ್ತು. ಓರೆ ಬಿಸಿಲಿಗೆ ಹಿಡಿದರೆ ಪೆನ್ಸಿಲಿನ ಗೀರು ಹಳ್ಳವಾಗಿ ಉಳಿದಿದೆ. ನಿಮ್ಮ ಗುಂಡು ಅಕ್ಷರ. 'ಬಲಗಾಲು ಬೆರಳು ಮುಟ್ಟಿದರೆ ಅಳುತ್ತಾರೆ. ನೋವು ಇದೆ.'

ಅದನ್ನು ರಬ್ಬರಿನಿಂದ ಅಳಿಸಿದವನು ನಾನು. ಮನೆಯಲ್ಲಿ ಬೇರೆ ಯಾರೂ ಆ ಪುಸ್ತಕ ಮುಟ್ಟುತ್ತಿರಲಿಲ್ಲ. ಆದರೆ ಯಾವಾಗ ಅಳಿಸಿದೆ? ಡಾಕ್ಟರಿಗೆ ತೋರಿಸುವ ಪುಸ್ತಕ ನೀಟಾಗಿರಲಿ, ಕಾಲಂ ಬಿಟ್ಟು ಬರೆಯಬಾರದು ಎಂದು ಅಂದೇ ಅಳಿಸಿದೆನೋ? ಅಥವಾ ಆ ಸೋಮವಾರ, ನೀವು ಹೋದ ಮೇಲೆ, ಮಗಳು ನೋಡಿಬಿಟ್ಟಾಳು ಎಂದು ಅಳಿಸಿದೆನೋ? ಒಂದು ಮೂರ್ಖತನ, ಇನ್ನೊಂದು ಪಾಪ. ಎಷ್ಟು ತಿಣುಕಿದರೂ ಹೊಳೆಯುತ್ತಿಲ್ಲ. ಇದೊಂದು ಮಾತ್ರ, ಸುಜಾತ ಅವರೇ, ನನಗೆ ನಿಜವಾಗಿ ನೆನಪಿಲ್ಲ. ಈ ಮಾತನ್ನು ನೀವು ನಂಬಬೇಕಾಗಿಲ್ಲ.

ಮೊದಲು ಜಯನಗರದ ಏಜೆನ್ಸಿಗೆ ಹೋದೆ. ಅಲ್ಲಿ ಕೂತಿದ್ದ ಹೆಂಗಸು ಎಲ್ಲ ಕೇಳಿ, "ಅಂಕಲ್, ಅವರ ಹೆಸರು ಲಿಸ್ಟಿಂದ ತೆಗೆದು ಮೂರು ವರ್ಷದ ಮೇಲಾಯ್ತು. ಈಗ ಯಾಕೆ? ನೀವು ಯಾರ ಜೊತೆ ಬಂದಿದೀರ?" ಎಂದರು. ನೀವು ಈಗ ಬಿ.ಟಿ.ಎಂ. ಲೇಔಟಿನ ಯಾವುದೋ ಹಾಸ್ಟೆಲಿನಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿರುವುದು ಅವರಿಂದಲೇ ಗೊತ್ತಾಯಿತು. ವಿಶಾಲುವಿನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಒತ್ತುತ್ತಿದ್ದ ಕೈ. ಹೊರಗೆ ಬಂದು ಫುಟ್‌ಪಾತಿನ ಮೇಲೆ ಸುಮಾರು ಹೊತ್ತು ನಿಂತಿದ್ದೆ, ಯಾವ ಕಡೆಯ ಬಸ್ಸು ಹತ್ತಬೇಕೆಂದು ತಿಳಿಯದೆ.

ಭಾನುವಾರ ಮಂಜುಳಾಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. "ಅಪ್ಪ, ನೀವೇ ನೆನಪಿಲ್ಲ ಅಂದಿದ್ರಿ. ಮೂರು ವರ್ಷ ಆದ್ಮೇಲೆ ಹೇಗೆ ನೆನಪಾಗತ್ತೆ? ಅಮ್ಮನ ಯೋಚನೇಲೇ ಇರ್ತೀರ, ಒಂದಕ್ಕೊಂದು ಸೇರ್ಕೊಳತ್ತೆ" ಎಂದಳು. ನನಗೂ ಮರೆವಿನ ಕಾಯಿಲೆ ಶುರುವಾಯಿತೆಂದು ಅವಳ ಕಣ್ಣಲ್ಲಿ ಭಯ. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದವಳು ನಿಜ ಹೇಳಿದರೆ ನಂಬುತ್ತಿಲ್ಲ. ನಂಬದೇ ಇರಲಿ, ಹೀಗೇ ಇದ್ದುಬಿಡೋಣ ಎಂದು ಒಂದು ಕ್ಷಣ — ಹೌದು, ಆಗಲೂ ಅನ್ನಿಸಿತು. ಆಮೇಲೆ ಪುಸ್ತಕ ತಂದು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದೆ. ಅವಳು ಓದಿದಳು. ಬೆರಳಿನಿಂದ ಆ ಹಳ್ಳವನ್ನು ಮುಟ್ಟಿ ಮುಟ್ಟಿ ಇನ್ನೊಮ್ಮೆ ಓದಿದಳು. ನಾನು ಯಾವ ನೋಟಕ್ಕೆ ಹೆದರಿದ್ದೆನೋ ಅದೇ ನೋಟದಿಂದ ಅವಳು ಅಂದು ನನ್ನನ್ನು ನೋಡಿದಳು. ಹೋಗುವಾಗ ಒಂದೇ ಮಾತು: "ಅವರ ಮನೆಗೆ ನೀವೇ ಹೋಗ್ಬೇಕು. ನಾನೂ ಹೋಗ್ಬೇಕು, ಆದ್ರೆ ನಿಮ್ಮ ಜೊತೆ ಬೇಡ."

ಬರುವ ಭಾನುವಾರ ಬೆಳಗ್ಗೆ ಕೋಣನಕುಂಟೆಗೆ ಬರುತ್ತೇನೆ. ಕಾಗದವನ್ನು ಮುಂಚೆ ಕಳಿಸುತ್ತಿರುವುದು, ಬಾಗಿಲು ತೆಗೆಯುವುದೋ ಬೇಡವೋ ಎಂದು ನೀವು ಮೊದಲೇ ತೀರ್ಮಾನಿಸಲಿ ಎಂದು. ತೆಗೆಯದಿದ್ದರೆ ಪುಸ್ತಕವನ್ನು ಹೊಸ್ತಿಲ ಬಳಿ ಇಟ್ಟು ಬರುತ್ತೇನೆ. ಏಜೆನ್ಸಿಗೆ ನಾನು ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟ ಕಾಗದದ ಪ್ರತಿಯೂ ಅದರೊಳಗೆ ಇರುತ್ತದೆ. ಅದರಿಂದ ಹೋದ ಮೂರು ವರ್ಷ ಬರುವುದಿಲ್ಲ, ಗೊತ್ತು.

ಆ ಪುಟದಲ್ಲಿ ನಿನ್ನೆ ಒಂದು ಕೆಲಸ ಮಾಡಿದೆ. ಸ್ಕೇಲು ಇಟ್ಟು ಕೊನೆಯಲ್ಲಿ ಇನ್ನೊಂದು ಗೆರೆ ಎಳೆದೆ, ಮೇಲೆ 'ನೋವು' ಎಂದು ಬರೆದೆ. ಅದರ ಕೆಳಗೆ ನಿಮ್ಮ ಮಾತನ್ನು, ನೀವು ಬರೆದಿದ್ದ 'ಇದೆ'ಯನ್ನು 'ಇದೆ' ಎಂದೇ ಇಟ್ಟು, ಶಾಯಿಯಲ್ಲಿ ಬರೆದೆ. ಪಕ್ಕದಲ್ಲಿ ನಿಮ್ಮ ಹೆಸರು. ಅದರ ಕೆಳಗೆ, ಅಂದೇ ಹಾಕಬೇಕಾಗಿದ್ದ ಜಾಗದಲ್ಲಿ, 'ನೋಡಿದೆ' ಎಂದು ಬರೆದು ಸಹಿ ಹಾಕಿದ್ದೇನೆ.